ಪಿಕಪ್ಪಿನ ಎಣ್ಣೆಸ್ನಾನ

ನಮ್ಮ ಮನೆಯಲ್ಲಿ ಯುಗಾದಿಯ ಎಣ್ಣೆಸ್ನಾನ ಐದು ಜೀವಕ್ಕೆ. ಮಾವ, ಅತ್ತೆ, ನಮ್ಮ ಯಜಮಾನರು, ನಾನು, ಐದನೆಯದು ಅಂಗಳದಲ್ಲಿ ನಿಂತಿರುವ ಡೀಸೆಲ್ ಪಿಕಪ್ಪು. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ, ಗಾಡಿ ಬಂದ ಹೊಸದರಲ್ಲಿ ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕವಳೇ.

ಅದರ ಕ್ರಮ ಹೀಗೆ. ಬೆಳಗಾಗುತ್ತಲೇ ಬಚ್ಚಲ ಹಂಡೆಗೆ ಉರಿ ಹಾಕುತ್ತೇವೆ. ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿ ಮಾವನ ನೆತ್ತಿಗೆ ತಟ್ಟಿ, ಬೆನ್ನಿಗೆ ತಿಕ್ಕುತ್ತಾರೆ. ಅಷ್ಟರಲ್ಲಿ ನಾನು ಪಿಕಪ್ಪನ್ನು ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ಹಂಡೆಯ ನೀರು ಕಾದ ಹಾಗೆ ಅದರ ಹೊಟ್ಟೆಯ ಆಯಿಲ್ಲೂ ಕಾಯಬೇಕು, ಆಗಲೇ ಕೊಳೆಯೆಲ್ಲ ಸರಾಗವಾಗಿ ಇಳಿಯುವುದು. ಆಮೇಲೆ ಮಾವ, ಮೈತುಂಬ ಎಣ್ಣೆ, ಸೊಂಟಕ್ಕೊಂದು ಹಳೆಯ ಪಂಚೆ, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರುತ್ತಾರೆ. ಸ್ಪ್ಯಾನರಿನಿಂದ ತಳದ ಬೋಲ್ಟು ಬಿಚ್ಚುತ್ತಾರೆ. ಹಳೆಯ ಆಯಿಲ್ ಬೋಗುಣಿಗೆ ಬೀಳುತ್ತದೆ, ಬೋಲ್ಟು ಬಿಗಿದ ಮೇಲೆ ಹೊಸದು ಮೇಲಿನಿಂದ ಹೋಗುತ್ತದೆ. ಇಷ್ಟಾದ ಮೇಲೆಯೇ ಅವರು ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿಕೊಳ್ಳುವುದು.

"ಎಣ್ಣೆ ಮೈಗೆ ಮಸಿ ಹತ್ತಲ್ಲ ಕಣಮ್ಮ, ಹಂಗೇ ಜಾರ್ಕಂಡ್ ಹೋಯ್ತದೆ" ಎಂದು ಅವರು ಅದಕ್ಕೊಂದು ಕಾರಣ ಹೇಳುತ್ತಿದ್ದರು. ಕಾರಣದ ಜೊತೆಗೊಂದು ಶಾಸ್ತ್ರವೂ ಇತ್ತು. ತನ್ನ ನೆತ್ತಿಗೆ ಎಣ್ಣೆ ಮುಟ್ಟಿಸಿಕೊಳ್ಳದ ಕೈ ಗಾಡಿಯ ಎಣ್ಣೆ ಮುಟ್ಟಬಾರದು. ಹಬ್ಬದ ಅಡುಗೆಯ ಗಡಿಬಿಡಿಯಲ್ಲಿ ನನ್ನ ಸ್ನಾನ ಯಾವಾಗಲೂ ಕೊನೆಗೆ. ಹಾಗಾಗಿ ನನ್ನ ಪಾಲಿಗೆ ಬಂದದ್ದು ಟಾರ್ಚು ಹಿಡಿಯುವುದು, ಬೋಗುಣಿ ಎಳೆಯುವುದು. ಬೋಲ್ಟು ಮುಟ್ಟುವ ಹಾಗಿರಲಿಲ್ಲ.

ವರ್ಷಕ್ಕೆ ಎರಡೇ ಸಲ, ಯುಗಾದಿಗೊಂದು, ದೀಪಾವಳಿಗೊಂದು. ನಡುವೆ ಗಾಡಿ ಎಷ್ಟು ಕಿಲೋಮೀಟರ್ ಓಡಿತು ಎನ್ನುವುದನ್ನು ಯಾರೂ ನೋಡುತ್ತಿರಲಿಲ್ಲ.

ಊರಿಗೊಂದು ದಾರಿಯಾದರೆ ನಮ್ಮ ಮಾವನಿಗೊಂದು ದಾರಿ ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ. ಅದು ಅವರ ದಾರಿಯಲ್ಲ, ಅವರಪ್ಪನ ದಾರಿ. ಮನೆಯಲ್ಲಿ ಎತ್ತಿನ ಗಾಡಿ ಇದ್ದ ಕಾಲದಲ್ಲಿ ಯುಗಾದಿಗೂ ದೀಪಾವಳಿಗೂ ಮನೆಮಂದಿಗೆ ಎಣ್ಣೆ ಇಟ್ಟ ಮೇಲೆ ಎತ್ತುಗಳ ಕೊಂಬಿಗೆ ಎಣ್ಣೆ, ಆಮೇಲೆ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡುತ್ತಿದ್ದ ಆ ಕಪ್ಪು ಕೀಲೆಣ್ಣೆಯ ಬಿದಿರಿನ ಗೊಟ್ಟ ಇವತ್ತಿಗೂ ನಮ್ಮ ಕೊಟ್ಟಿಗೆಯ ಗೂಟಕ್ಕೆ ನೇತು ಬಿದ್ದಿದೆ. ಎತ್ತು ಹೋದವು, ಗಾಡಿ ಹೋಯಿತು, ತೆಂಗಿನಕಾಯಿ ಸಾಗಿಸಲು ಪಿಕಪ್ಪು ಬಂತು. ಅಚ್ಚಿನ ಪಾಲಿನ ಎಣ್ಣೆ ಇಂಜಿನ್ನಿಗೆ ಸಂದಿತು.

ನಾನು ಆ ಗಾಡಿ ಹತ್ತಿದ ಕತೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಊರು ಚೌಳಹಿರಿಯೂರಿನ ಕಡೆ. ಮಾವ ಪಿಕಪ್ಪು ತಂದದ್ದು ಮಗ ಓಡಿಸಲಿ ಎಂದು. ಆದರೆ ನಮ್ಮ ಯಜಮಾನರಿಗೆ ಗಾಡಿಯಲ್ಲಿ ಕೂತರೆ ಹೊಟ್ಟೆ ತೊಳೆಸುತ್ತದೆ. ಕಡೂರಿಗೆ ಬಸ್ಸಿನಲ್ಲಿ ಹೋದರೂ ನಿಂಬೆಹಣ್ಣು ಹಿಡಿದುಕೊಂಡು ಹೋಗುವ ಮನುಷ್ಯ. ತೋಟ, ಹಸು ಎಂದರೆ ಪ್ರಾಣ, ಗಾಡಿ ಎಂದರೆ ಹಳದಿ ಮುಖ. ಮಾವ ಎರಡು ಸಲ ಕೂರಿಸಿ ನೋಡಿದರು, ಎರಡು ಸಲವೂ ಗಾಡಿ ತೊಳೆದರು. ಮೂರನೆಯ ಸಲ ನನ್ನ ಕಡೆ ತಿರುಗಿ, "ನೀನ್ ಹತ್ತಮ್ಮ, ನೋಡಾನ" ಎಂದರು. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದಲ್ಲಿ ಕಲಿಸಿದರು. ಸೊಸೆ ಸೀರೆ ಉಟ್ಟುಕೊಂಡು ಕ್ಲಚ್ಚು ತುಳಿಯುವುದನ್ನು ನೋಡಲು ಏರಿಯ ಮೇಲೆ ಜನ ಕೂತಿರುತ್ತಿದ್ದರು. ಒಂದು ದಿನ ನನಗೆ ರೇಗಿ, ಗಾಡಿ ನಿಲ್ಲಿಸಿ, "ಯಾರಾದ್ರೂ ಬಂದ್ ಓಡಿಸ್ತೀರೇನ್ರೀ, ಬನ್ನಿ" ಎಂದು ಕೂಗಿದೆ. ಏರಿ ಖಾಲಿಯಾಯಿತು. ಮಾವ ಪಕ್ಕದ ಸೀಟಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ದೀಪಾವಳಿ ಆಗಿ ವಾರ ಕಳೆದಿತ್ತು. ತರೀಕೆರೆಗೆ ಕಾಯಿ ಇಳಿಸಿ ಬರುವಾಗ ಬಂಕಿನಲ್ಲಿ ಆಯಿಲ್ ಗೇಜು ಎಳೆದು ನೋಡಿದರೆ ಹೊಸ ಆಯಿಲ್ ಆಗಲೇ ಕಾಡಿಗೆಯಷ್ಟು ಕಪ್ಪು. ನನ್ನ ತಲೆ ಕೆಟ್ಟಿತು. ಮನೆಗೂ ಹೋಗದೆ ಸೀದಾ ಕಡೂರಿನ ಆಯಿಲ್ ಅಂಗಡಿಗೆ ಗಾಡಿ ತಿರುಗಿಸಿದೆ.

"ಸುಟ್ಟ ಆಯಿಲ್ ತುಂಬಿ ಸೀಲ್ ಹೊಡ್ದು ಮಾರ್ತಾ ಇದೀರೇನ್ರೀ?"

ಅಂಗಡಿಯವರು ಪಾಪ, ಸಾಧು ಮನುಷ್ಯ. "ಕೂತ್ಕಳಿ ಅಕ್ಕ, ಡೀಸೆಲ್ ಇಂಜಿನ್ನಲ್ಲಿ ಆಯಿಲ್ ಬೇಗ ಕಪ್ಪಾಗೋದೇ. ಮಸಿ ಎಲ್ಲಾ ತಾನೇ ಎಳ್ಕಂತದೆ, ಅದ್ಕೇ ತಾನೇ ಹಾಕೋದು" ಎಂದರು. ನಾನು ನಂಬಲಿಲ್ಲ. ಮನೆಗೆ ಬಂದು ಮಾವನಿಗೆ ಹೇಳಿದರೆ ಅವರು ಅಂಗಡಿಯವರ ಪಕ್ಷ.

"ಕೀಲೆಣ್ಣೆ ಬೆಳ್ಳಗಿದ್ದಿದ್ದು ಯಾವಾಗ್ ನೋಡಿದ್ಯಮ್ಮ? ಕೆಲ್ಸ ಮಾಡೋರ್ ಕೈ ಕಪ್ಪಾಗ್ತದೆ. ಪಾತ್ರೆ ತೊಳ್ದ ನೀರು ತಿಳಿಯಾಗಿದ್ರೆ ಪಾತ್ರೆ ಕೊಳಕು ಅಂತಾನೇ ಅರ್ಥ."

ಈ ಕತೆಯನ್ನು ಅವರು ನೆಂಟರಿಷ್ಟರಿಗೆಲ್ಲ ಹೇಳಿದರು. ಬುಕ್ಕಾಂಬುಧಿಯ ನನ್ನ ಚಿಕ್ಕಮ್ಮನಿಗೂ ಫೋನ್ ಮಾಡಿ ಹೇಳಿದರು. ಮುಂದಿನ ಸಲ ಅಂಗಡಿಗೆ ಹೋದಾಗ ಅಂಗಡಿಯವರು ಕ್ಯಾನಿನ ಸೀಲನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿಯೇ ಕೊಟ್ಟರು.

ಆಯಿಲ್ ಯಾವುದು ಎನ್ನುವುದಕ್ಕೂ ನಮ್ಮಿಬ್ಬರಿಗೆ ಜಗಳವೇ. ಮಾವನಿಗೆ ದಪ್ಪ ಆಯಿಲ್ ಬೇಕು. ಅಂಗಡಿಯಲ್ಲಿ ಒಂದು ತೊಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ, ಬೆರಳು ಬಿಡಿಸಿ, ಎಳೆ ಎಷ್ಟು ಉದ್ದ ಬರುತ್ತದೆ ಎಂದು ನೋಡುತ್ತಿದ್ದರು, ಬೆಲ್ಲದ ಪಾಕ ನೋಡಿದ ಹಾಗೆ. ಅವರ ಆಯ್ಕೆ ಹಳೆಯ ಟ್ರ್ಯಾಕ್ಟರಿಗೆ ಹಾಕುವ ಇಪ್ಪತ್ತು ಐವತ್ತು ನಂಬರಿನದು. ನಮ್ಮ ಗಾಡಿಗೆ ಹೇಳಿರುವುದು ಹದಿನೈದು ನಲವತ್ತು. ಆಮೇಲೆ ಬಂದ ಹೊಸ ಗಾಡಿಗಳಿಗೆ ಇನ್ನೂ ತೆಳ್ಳಗಿನದು, ದುಬಾರಿಯದು ಬೇಕಂತೆ, ನಮ್ಮದಕ್ಕೆ ಅದು ಬೇಡ ಎಂದು ಅಂಗಡಿಯವರೇ ಹೇಳಿದರು. ಮೊದಲ ನಂಬರು ತಣ್ಣಗಿದ್ದಾಗ ಎಷ್ಟು ಸರಾಗ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದಾಗ ಎಷ್ಟು ಗಟ್ಟಿ ನಿಲ್ಲುತ್ತದೆ ಎನ್ನುವುದಕ್ಕೆ ಎಂದೂ ಬಿಡಿಸಿ ಹೇಳಿದರು. ಮಾವ ಎಲ್ಲ ಕೇಳಿ, ನನ್ನ ಕಡೆ ಕೈ ತೋರಿಸಿ, "ಅಂಗಂದ್ರೆ ನಮ್ ಸೊಸೆ ಇದ್ದಂಗೆ. ತಣ್ಣಗಿದ್ದಾಗ ಒಂದು ನಂಬರು, ಕಾದಾಗ ಒಂದು ನಂಬರು" ಎಂದರು. ನನಗೂ ನಗು ಬಂತು. ಆ ನಗುವಿನಲ್ಲೇ ಹದಿನೈದು ನಲವತ್ತನ್ನು ಗೆದ್ದುಕೊಂಡೆ. ಚಳಿಗಾಲದ ಬೆಳಗಿನಲ್ಲಿ ಗಾಡಿ ಮೊದಲಿಗಿಂತ ಸಲೀಸಾಗಿ ಎದ್ದಿತು, ಮಾವ ಅದನ್ನು ಒಪ್ಪಿಕೊಂಡರು.

ಆಯಿಲ್ ಯಾವುದು ಎನ್ನುವುದನ್ನು ಬಿಟ್ಟುಕೊಟ್ಟರು. ಯಾವಾಗ ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಬಿಡದಿದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಅವರ ಕಣ್ಣು ಮಂಜಾಗಿತ್ತು. ಆಪರೇಷನ್ ಆದರೂ ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದುಬಿಟ್ಟರು. ಅವತ್ತು ಮನೆಗೆ ಬಂದು ಗಾಡಿಯ ಕೀಯನ್ನು ದೇವರ ಮುಂದೆ ಇಟ್ಟು, ನಮಸ್ಕಾರ ಮಾಡಿ, ನನ್ನ ಕೈಗೆ ಕೊಟ್ಟರು. ಅದಕ್ಕೂ ಮೊದಲೇ ತೋಟ ಮಗನ ಕೈಗೆ ಹೋಗಿತ್ತು. ಕಾಯಿ ವ್ಯಾಪಾರದ ಮಾತು ಫೋನಿನಲ್ಲಿ ನಡೆಯತೊಡಗಿ ಅದೂ ನಮ್ಮ ಪಾಲಾಗಿತ್ತು. ಮನೆಯ ಒಂದೊಂದೇ ಕೆಲಸ ಅವರನ್ನು ಕೇಳದೆ ನಡೆಯುವುದನ್ನು ಕಲಿಯುತ್ತಿತ್ತು. ಉಳಿದದ್ದು ಇದೊಂದೇ. ಆ ಒಂದು ಸ್ಪ್ಯಾನರನ್ನು ತಮ್ಮ ಟ್ರಂಕಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಯುಗಾದಿಗೂ ದೀಪಾವಳಿಗೂ ಅದನ್ನು ತೆಗೆಯುವಾಗ ಅವರ ಮುಖ ನೋಡಬೇಕಿತ್ತು. ಆ ಹೊತ್ತಿನಲ್ಲಿ ಅವರು ಮನೆಯ ಯಜಮಾನರು, ನಾವೆಲ್ಲ ಟಾರ್ಚು ಹಿಡಿಯುವವರು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಗಾಡಿ ನಮ್ಮ ಕಾಯಿಗಷ್ಟೇ ಓಡುತ್ತಿದ್ದ ತನಕ ಹಬ್ಬದ ಲೆಕ್ಕ ನಡೆಯಿತು. ಒಂದು ವರ್ಷ ಪಕ್ಕದ ಊರಿನವರೊಬ್ಬರು ತಮ್ಮ ಪಿಕಪ್ಪು ಮಾರಿಬಿಟ್ಟರು. ಅವರ ಗಿರಾಕಿಗಳೆಲ್ಲ ನನ್ನ ಹಿಂದೆ ಬಿದ್ದರು. ಬೆಳಗ್ಗೆ ಸಖರಾಯಪಟ್ಟಣದ ಕಾಯಿ, ಮಧ್ಯಾಹ್ನ ತರೀಕೆರೆಗೆ ಹಿಂಡಿ ಮೂಟೆ, ಮಾರನೆಯ ದಿನ ಅಜ್ಜಂಪುರದ ಈರುಳ್ಳಿ. ತುಂಬಿದ ಲೋಡು, ಹೊಲದ ಧೂಳು. ಮೊದಲು ಯುಗಾದಿಯಿಂದ ದೀಪಾವಳಿಯವರೆಗೆ ಓಡುತ್ತಿದ್ದಷ್ಟನ್ನು ಆ ವರ್ಷ ಮುಂಗಾರು ಹಿಡಿಯುವಷ್ಟರಲ್ಲಿ ಓಡಿಸಿಬಿಟ್ಟಿದ್ದೆ. ಅದೂ ಸಾಲದು ಎಂಬಂತೆ ಆ ವರ್ಷ ಅಧಿಕ ಮಾಸ. ಒಂದು ತಿಂಗಳು ಹೆಚ್ಚಿಗೆ ಬಂದು ಕೂತು, ದೀಪಾವಳಿ ಅಷ್ಟು ದೂರ ಸರಿಯಿತು.

"ಮಾವ, ಈ ಸಲ ಮಧ್ಯದಲ್ಲೊಂದ್ ಸಲ ಬದಲಾಯಿಸಾಣ" ಎಂದೆ.

"ಅಧಿಕ ಮಾಸದಲ್ಲಾ? ಅಧಿಕ ಮಾಸದಲ್ಲಿ ಯಾರಾದ್ರೂ ಹೊಸದ್ ಹಾಕ್ತಾರೇನಮ್ಮ?"

"ಹೋಗ್ಲಿ, ಅದ್ ಕಳೀಲಿ. ಆಮೇಲೆ ಹಾಕಾಣ."

"ಆಮೇಲೆ ದೀಪಾವಳಿ ಬಂದೇ ಬತ್ತದಲ್ಲ."

"ಇಂಜಿನ್ನಿಗೆ ಪಂಚಾಂಗ ಗೊತ್ತಾ ಮಾವ?" ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಎದ್ದು ಹಿತ್ತಲಿಗೆ ಹೋಗಿ, ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಹಳೆಯ ಆಯಿಲ್ ಬಳಿಯುತ್ತಾ ಕೂತರು. ಅವರ ಬಗ್ಗಿದ ಬೆನ್ನು ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟೆ. ಆಯಿಲ್ ಕಮ್ಮಿಯಾದಾಗ ಮೇಲಿನಿಂದ ಸುರಿದು ಸುರಿದು ದಿನ ದೂಡಿದೆ. ಆಯಿಲ್ ಸೋಸುವ ಫಿಲ್ಟರಿನದೂ ಅದೇ ಪಾಡು. ಅದನ್ನು ಅವರು ಎರಡು ಹಬ್ಬಕ್ಕೊಮ್ಮೆ ಮಾತ್ರ ಬದಲಾಯಿಸುತ್ತಿದ್ದರು. "ಹಬ್ಬದ ದಿನ ತಲೇಗ್ ಎಣ್ಣೆ ಇಟ್ಕತಾರೆ, ಕ್ಷೌರ ಮಾಡಿಸ್ಕತಾರೇನಮ್ಮ?" ಎನ್ನುತ್ತಿದ್ದರು.

ದೀಪಾವಳಿಗೆ ಇನ್ನೆರಡು ವಾರ ಇತ್ತು. ಅಜ್ಜಂಪುರದ ಕಡೆಯಿಂದ ಈರುಳ್ಳಿ ತುಂಬಿಕೊಂಡು ಬರುತ್ತಿದ್ದೆವು. ಮಾವ ಪಕ್ಕದಲ್ಲೇ ಇದ್ದರು. ಕಣ್ಣು ಮಂಜಾದ ಮೇಲೆ ಅವರು ಒಂದು ಟ್ರಿಪ್ಪೂ ತಪ್ಪಿಸುತ್ತಿರಲಿಲ್ಲ, ಕಿಟಕಿಗೆ ಮೊಣಕೈ ಊರಿ ಗಾಳಿ ಕುಡಿಯುತ್ತಾ ಕೂರುತ್ತಿದ್ದರು. ಬುಕ್ಕಾಂಬುಧಿ ಕೆರೆ ದಾಟಿ ಸಣ್ಣದೊಂದು ಏರು ಹತ್ತುತ್ತಿದ್ದೆ.

"ನಿಲ್ಸಮ್ಮ" ಎಂದರು.

"ಏನ್ ಮಾವ?"

"ನಿಲ್ಸು. ಆಫ್ ಮಾಡು. ಟಕಟಕ ಅಂತೈತೆ."

ನನಗೇನೂ ಕೇಳಿಸಿರಲಿಲ್ಲ. ಆದರೂ ಪಕ್ಕಕ್ಕೆ ಎಳೆದೆ. ಕೀ ತಿರುಗಿಸುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿಗೆ ಆಯಿಲ್ ಏರುತ್ತಿಲ್ಲ ಎನ್ನುವ ಕೆಂಪು ದೀಪ ಹತ್ತಿತು, ಗಿಂಡಿಯ ಆಕಾರದ್ದು, ತುದಿಯಲ್ಲಿ ಒಂದು ತೊಟ್ಟು. ಅದು ಹತ್ತಿದ್ದನ್ನು ಮಾವ ನೋಡಲಾರರು, ನಾನು ನೋಡಿದೆ. ಇಂಜಿನ್ ಆಫ್ ಮಾಡಿದೆ.

ಅಜ್ಜಂಪುರದಿಂದ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಈರುಳ್ಳಿಯನ್ನು ಬೇರೆ ಗಾಡಿಗೆ ಹಾಕಿ ಕಳಿಸಿ, ನಮ್ಮದನ್ನು ಅವನ ಶೆಡ್ಡಿಗೆ ಎಳೆಸಿದೆವು. ಬೋಲ್ಟು ಬಿಚ್ಚಿದರೆ ಆಯಿಲ್ ಧಾರೆಯಾಗಿ ಬೀಳಲಿಲ್ಲ. ಜೋನಿಬೆಲ್ಲದ ಹಾಗೆ ತೊಡರಿ ತೊಡರಿ ಇಳಿಯಿತು. ತಳ ಬಿಚ್ಚಿ ನೋಡಿದಾಗ ಆಯಿಲ್ ಎಳೆದುಕೊಳ್ಳುವ ಜಾಲರಿಯ ಮುಖಕ್ಕೆ ಕರಿ ಗಸಿ ಮೆತ್ತಿ ಕೂತಿತ್ತು.

"ಯಾವಾಗ್ ಬದಲಾಯಿಸಿದ್ದು ಅಕ್ಕ?"

ನಾನು ಮಾತಾಡುವ ಮೊದಲೇ ಮಾವ, "ಯುಗಾದೀಗೆ" ಎಂದರು.

"ಯುಗಾದೀಗಾ?" ಅವನು ಜೋರಾಗಿ ನಕ್ಕ. "ಏನ್ ಯಜಮಾನ್ರೇ, ಗಾಡಿಗೂ ಬೇವು ಬೆಲ್ಲ ತಿನ್ಸಿದ್ರಾ? ಈ ಲೆಕ್ಕ ಹಾಕಿದ್ ಪುಣ್ಯಾತ್ಮ ಯಾರು?"

"ನಾನೇ ಕಣಪ್ಪ" ಎಂದರು ಮಾವ.

ಅವನು ನಗು ನಿಲ್ಲಿಸಿದ. ಇಂಜಿನ್ ಉಳಿದಿದೆ, ಇನ್ನೂ ಸ್ವಲ್ಪ ದೂರ ಓಡಿಸಿದ್ದರೆ ಹಿಡಿದುಕೊಂಡು ಜಾಮ್ ಆಗುತ್ತಿತ್ತು, ಸರಿಯಾದ ಹೊತ್ತಿಗೆ ನಿಲ್ಲಿಸಿದಿರಿ ಎಂದ. ಇನ್ನು ಮೂರು ಸಾವಿರ ಕಿಲೋಮೀಟರಿಗೊಂದು ಸಲ ತಪ್ಪದೆ ತನ್ನ ಹತ್ತಿರ ತರಬೇಕು ಎಂದೂ ಸೇರಿಸಿದ. ಅಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ನನ್ನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. "ಮೂರ್ ಸಾವ್ರಕ್ಕೆ ಯಾಕಪ್ಪ? ನಿನ್ ಶೆಡ್ ಬಾಡಿಗೆ ನಾನೇ ಕಟ್ಲಾ?" ಎಂದೆ. ಗಾಡಿಯ ಜೊತೆ ಕೊಟ್ಟ ಪುಸ್ತಕ ಹತ್ತು ಸಾವಿರ ಎನ್ನುತ್ತದೆ, ಆದರೆ ಅದು ಒಳ್ಳೆಯ ರಸ್ತೆಗೆ, ಹಗುರ ಲೋಡಿಗೆ. ನಮ್ಮ ಧೂಳು, ನಮ್ಮ ಭಾರ ನೋಡಿಕೊಂಡು ಏಳು ಸಾವಿರ ಎಂದು ಅಲ್ಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಫಿಲ್ಟರು ಪ್ರತಿ ಸಲವೂ.

ಜಾಲರಿ ತೊಳೆಸಿ, ಹೊಸ ಆಯಿಲ್ಲೂ ಫಿಲ್ಟರೂ ಹಾಕಿಸಿಕೊಂಡು ವಾಪಸು ಬರುವಾಗ ಮಾವ ಕಿಟಕಿಗೆ ಮೊಣಕೈ ಊರಲಿಲ್ಲ. ಮನೆಗೆ ಬಂದವರೇ ಟ್ರಂಕು ತೆಗೆದು, ಬಟ್ಟೆಯ ಸಮೇತ ಸ್ಪ್ಯಾನರನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ, ನಾನು ಕಾಯಿ ತುರಿಯುತ್ತಿದ್ದ ಕಡೆ ಇಟ್ಟರು.

"ಇನ್ ನೀನೇ ನೋಡ್ಕಳಮ್ಮ" ಎಂದರು.

ಮಾರನೆಯ ದಿನ ಗಾಡಿ ಹತ್ತಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕೇಳಿದರೆ ಮಂಡಿ ನೋವು ಎಂದರು. ನಾನು ಒಬ್ಬಳೇ ತರೀಕೆರೆಗೆ ಹೋಗಿ ಬಂದೆ. ಅವರಿಲ್ಲದ ಆ ಸೀಟು ನೋಡಲು ಆಗುತ್ತಿರಲಿಲ್ಲ, ಅಲ್ಲಿ ಟವೆಲ್ಲು, ನೀರಿನ ಬಾಟಲಿ ಇಟ್ಟುಕೊಂಡೆ. ದೀಪಾವಳಿಗೆ ನೀರು ತುಂಬಿದೆವು, ಹಂಡೆ ಕಾಯಿಸಿದೆವು. ಅತ್ತೆ ಎಣ್ಣೆಬಟ್ಟಲು ಹಿಡಿದು ಬಂದರೆ ಮಾವ, "ನೆಗಡಿ ಆಗೈತೆ, ಬರೀ ನೀರ್ ಹುಯ್ಕತೀನಿ" ಎಂದುಬಿಟ್ಟರು. ಅತ್ತೆ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹಬ್ಬದ ಎಣ್ಣೆ ಬೇಡ ಎಂದದ್ದು ಅದೇ ಮೊದಲಂತೆ.

ನನಗೆ ಆಗ ಬಂದದ್ದು ದುಃಖವಲ್ಲ, ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಆ ಮೆಕ್ಯಾನಿಕ್ಕಿನ ನಗುವಿನ ಮೇಲೆ, ಅಧಿಕ ಮಾಸದ ಮೇಲೆ, ಇಷ್ಟು ಸಣ್ಣದಕ್ಕೆ ಇಷ್ಟು ಕುಗ್ಗಿದ ಮಾವನ ಮೇಲೆ. ನಮ್ಮ ಯಜಮಾನರ ಹತ್ತಿರ ಹೇಳಿಕೊಂಡರೆ ಅವರು ಹಸುವಿನ ಮೈ ತಿಕ್ಕುತ್ತಾ, "ಸ್ಪ್ಯಾನರ್ ವಾಪಸ್ ಕೊಟ್ಬಿಡು" ಎಂದರು. ವಾಪಸು ಕೊಟ್ಟರೆ ಮತ್ತೆ ಯುಗಾದಿಯವರೆಗೆ ಕಾಯಬೇಕು. ಕೊಡದಿದ್ದರೆ ಮಾವ ಹೀಗೆಯೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಆ ಇಕ್ಕಟ್ಟು ನನ್ನದು. ದಿನಾ ಗಾಡಿ ಓಡಿಸುತ್ತಾ ಅದನ್ನೇ ಯೋಚಿಸಿದೆ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಆಯಿಲ್ ಬದಲಾಯಿಸಿದಲ್ಲಿಂದ ಮೀಟರು ಏಳು ಸಾವಿರಕ್ಕೆ ಬಂತು. ಕಡೂರಿನಿಂದ ಆಯಿಲ್ಲೂ ಫಿಲ್ಟರೂ ತಂದಿಟ್ಟೆ. ಗಂಡಸರ ಎಣ್ಣೆಸ್ನಾನಕ್ಕೆ ಬುಧವಾರ ಆಗುತ್ತದೆ ಎಂದು ಅತ್ತೆಯನ್ನು ಕೇಳಿಕೊಂಡೆ. ಆ ಬುಧವಾರ ಬೆಳಗ್ಗೆ ಎದ್ದು ಹಂಡೆಗೆ ಉರಿ ಹಾಕಿದೆ, ಹರಳೆಣ್ಣೆ ಬೆಚ್ಚಗೆ ಮಾಡಿದೆ, ಪಿಕಪ್ಪು ಸ್ಟಾರ್ಟ್ ಮಾಡಿ ಬಿಟ್ಟೆ. ಸದ್ದಿಗೆ ಮಾವ ಜಗಲಿಗೆ ಬಂದರು.

"ಎಲ್ಲಿಗಮ್ಮ ಇಷ್ಟೊತ್ಗೆ?"

"ಎಲ್ಲಿಗೂ ಇಲ್ಲ. ಇವತ್ತು ಗಾಡೀಗೆ ಎಣ್ಣೆಸ್ನಾನ. ನೀವ್ ಕೂತ್ಕಳಿ, ಅತ್ತೆ ತಲೇಗ್ ಎಣ್ಣೆ ಇಡ್ತಾರೆ."

"ಇವತ್ತೇನ್ ಹಬ್ಬ?"

"ಏಳ್ ಸಾವ್ರದ ಹಬ್ಬ. ಏಳ್ ಸಾವ್ರಕ್ಕೊಂದ್ ಸಲ ನಮ್ಮನೇಲಿ ಎಣ್ಣೆಸ್ನಾನ ಇನ್ಮೇಲೆ. ಗಾಡೀಗೂ, ನಿಮ್ಗೂ."

ಅವರು ಮುಖ ತಿರುಗಿಸಿದರು. "ನಂಗ್ಯಾಕಮ್ಮ? ನೀನೇ ನೋಡ್ಕ ಅಂದ್ನಲ್ಲ. ನನ್ ಲೆಕ್ಕದಿಂದ ಗಾಡೀನೇ ಹೋಗ್ತಿತ್ತು."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಮಾವ, ಅವತ್ತು ಲೈಟ್ ಹತ್ತೋಕ್ ಮುಂಚೆ ನಿಲ್ಸು ಅಂದಿದ್ ಯಾರು? ನಂಗ್ ಕೇಳಿಸ್ಲಿಲ್ಲ. ಕಣ್ಣಿರೋಳು ನಾನು, ನಂಗ್ ಗೊತ್ತಾಗ್ಲಿಲ್ಲ. ನಿಮ್ ಲೆಕ್ಕ ತಪ್ತು, ಹೌದು. ನಿಮ್ ಕಿವಿ ತಪ್ಲಿಲ್ಲ. ಮೂರ್ ತಿಂಗ್ಳಿಂದ ಆ ಸೀಟಲ್ಲಿ ಟವೆಲ್ ಕೂರಿಸ್ಕಂಡ್ ಓಡಾಡ್ತಾ ಇದೀನಿ, ಅದು ನಿಲ್ಸಮ್ಮ ಅನ್ನುತ್ತಾ? ನಂಗ್ ನೀವ್ ಬೇಕು, ಅಷ್ಟೇ."

ಮಾವ ಜಗಲಿಯ ಅಂಚಿಗೆ ಕೂತರು. ಅತ್ತೆ ಹಿಂದಿನಿಂದ ಬಂದು ಅವರ ನೆತ್ತಿಗೆ ಎಣ್ಣೆ ಹಾಕಿ ತಟ್ಟತೊಡಗಿದರು. ಅವರು ಬೇಡ ಎನ್ನಲಿಲ್ಲ.

ಗೋಣಿಚೀಲ ಹಾಸಿದೆ. ಬೋಗುಣಿ, ಸ್ಪ್ಯಾನರ್ ತಂದಿಟ್ಟೆ. ಎಂದಿನ ಹಾಗೆ ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಮಾವ ಸ್ಪ್ಯಾನರ್ ತೆಗೆದುಕೊಂಡು ಗಾಡಿಯ ಹತ್ತಿರ ಬಂದವರು ಕೆಳಗೆ ತೂರಲಿಲ್ಲ. ನನ್ನನ್ನೇ ನೋಡಿದರು.

"ನಿನ್ ತಲೇಗ್ ಎಣ್ಣೆ ಎಲ್ಲಮ್ಮ?"

"ನಂಗ್ಯಾಕೆ ಮಾವ? ಇವತ್ ಬುಧ್ವಾರ. ಹೆಂಗಸ್ರಿಗಿಲ್ಲ."

"ಗಾಡಿ ಬಿಚ್ಚೋರಿಗೆ ವಾರ ಇಲ್ಲ ಬಾ."

ಅತ್ತೆಯ ಕೈಯಿಂದ ಬಟ್ಟಲು ಇಸಿದುಕೊಂಡರು. ಬೆರಳು ಅದ್ದಿ ನನ್ನ ನೆತ್ತಿಗೆ ಮೂರು ತೊಟ್ಟು ಬಿಟ್ಟು, ಅಂಗೈಯಿಂದ ಮೆಲ್ಲಗೆ ತಟ್ಟಿದರು. ನಾನು ಈ ಮನೆಗೆ ಬಂದಾಗಿನಿಂದ ಮಾವ ನನ್ನ ತಲೆ ಮುಟ್ಟಿದ್ದಿಲ್ಲ. ಕಾಲಿಗೆ ಬಿದ್ದಾಗಲೂ ದೂರದಿಂದಲೇ ಕೈ ಎತ್ತುವವರು. ನನ್ನ ಅಪ್ಪ ತೀರಿಕೊಂಡ ಮೇಲೆ ಹಬ್ಬದ ದಿನ ಹೀಗೆ ನೆತ್ತಿಗೆ ಎಣ್ಣೆ ಬಿಟ್ಟವರು ಯಾರೂ ಇರಲಿಲ್ಲ. ನಾನು ಅಲ್ಲೇ, ಪಿಕಪ್ಪಿನ ಮುಂದೆ ಕೂತು ಅತ್ತುಬಿಟ್ಟೆ.

"ಗಾಡಿ ಬಿಡೋದ್ ಕಲ್ಸಿದೆ, ಇದನ್ ಕಲಿಸ್ಲಿಲ್ಲ ನೋಡು ನಾನು" ಎಂದರು. "ಹೂಂ, ತೂರು. ನಾನ್ ಹೇಳ್ತೀನಿ, ನೀನ್ ಬಿಚ್ಚು. ಎಡಕ್ ತಿರುಗ್ಸು. ಕೊನೇ ಸುತ್ತು ಬಂದಾಗ ಕೈ ಪಕ್ಕಕ್ಕೆಳ್ಕ, ಬಿಸಿ ಇರ್ತದೆ."

ನಾನು ಕೈ ಎಳೆದುಕೊಳ್ಳಲಿಲ್ಲ, ಸುಟ್ಟುಕೊಂಡೆ. ಮೇಲಿನಿಂದ ಅತ್ತೆ ಅಯ್ಯೋ ಎಂದರು, ಮಾವ ಹೇಳ್ಲಿಲ್ವಾ ಎಂದರು. ಆಯಿಲ್ ಈ ಸಲ ಒಂದೇ ಧಾರೆಯಾಗಿ ಇಳಿಯಿತು. ಮಾವ ಬಗ್ಗಿ ಒಂದು ತೊಟ್ಟನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ, ಮೂಸಿ, ಏಳು ಸಾವಿರ ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟರು. ಕೆಲಸ ಮುಗಿದ ಮೇಲೆ ಸ್ಪ್ಯಾನರನ್ನು ನಾನೇ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅವರ ಟ್ರಂಕಿನಲ್ಲಿಟ್ಟೆ. ಅವರು ನೋಡಿಯೂ ನೋಡದವರ ಹಾಗೆ ಬಚ್ಚಲಿಗೆ ಹೋದರು. ಮಾರನೆಯ ದಿನ ತರೀಕೆರೆಗೆ ಹೊರಟಾಗ ಸೀಟಿನ ಮೇಲಿದ್ದ ಟವೆಲ್ಲನ್ನು ನನ್ನ ಮಡಿಲಿಗೆ ಎಸೆದು, ಹತ್ತಿ ಕೂತರು.

ಆಮೇಲೆ ಬಂದದ್ದು ಯುಗಾದಿ. ಮೀಟರು ಇನ್ನೂ ಏಳು ಸಾವಿರ ಮುಟ್ಟಿರಲಿಲ್ಲ, ಎರಡು ಸಾವಿರದಷ್ಟು ಬಾಕಿ ಇತ್ತು. ಆದರೂ ಹಬ್ಬದ ದಿನ ಅವರ ಮನಸ್ಸು ನೋಯುವುದು ಬೇಡ ಎಂದು ನಾನು ಹಿಂದಿನ ವಾರವೇ ಆಯಿಲ್ ತಂದಿಟ್ಟಿದ್ದೆ. ಬೆಳಗ್ಗೆ ಗೋಣಿಚೀಲ ಹಾಸಿ, ಬೋಗುಣಿಯನ್ನು ಗಾಡಿಯ ಕೆಳಗೆ ತಳ್ಳಿ, ಕಾಯುತ್ತಾ ನಿಂತೆ. ಮಾವ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಹಳೆಯ ಪಂಚೆಯಲ್ಲಿ ಬಂದರು. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಬಾನೆಟ್ಟಿನ ಮೇಲೆ ಒಂದು ತೊಟ್ಟು ಹರಳೆಣ್ಣೆ ಇಟ್ಟು ಕೈ ಮುಗಿದರು. ಆಮೇಲೆ ನನ್ನಿಂದ ಬಾನೆಟ್ಟು ಎತ್ತಿಸಿ, ಆಯಿಲ್ ಗೇಜು ಎಳೆದು, ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು.

"ಇನ್ನೂ ಎರಡ್ ಸಾವ್ರ ಐತಲ್ಲಮ್ಮ ಇದಕ್ಕೆ. ಈ ಬೋಗುಣಿ ಯಾಕ್ ತಂದೆ?"

"ಹಬ್ಬ ಅಲ್ವಾ ಮಾವ, ಅದ್ಕೆ."

ಅವರು ಗೇಜನ್ನು ಒಳಗೆ ತೂರಿಸಿ, ಪಂಚೆಗೆ ಕೈ ಒರೆಸಿಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಓದಿದೋಳು ನೀನು. ಇಂಜಿನ್ನಿಗೆ ಪಂಚಾಂಗ ಗೊತ್ತೇನಮ್ಮ?"